ಮಗು ನೋಡಿಕೊಳ್ಳುವ ಕೆಲಸಕ್ಕೆ ಬಯೋಡೇಟಾದಲ್ಲಿ ಏನು ಬರೆಯಬೇಕು?

ಈ ಸಲದ ಪತ್ರಗಳಲ್ಲಿ ಜಾಸ್ತಿ ಬಂದದ್ದು ಮಕ್ಕಳನ್ನು ನೋಡಿಕೊಳ್ಳುವ ಕೆಲಸದವರಿಂದ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನನಗೆ 38 ವರ್ಷ. ಓದಿದ್ದು ಏಳನೇ ಕ್ಲಾಸು. ನೇವಿ ಕ್ವಾರ್ಟರ್ಸಿನಲ್ಲಿ ಎರಡು ಮನೆಗಳ ಮಕ್ಕಳನ್ನು ನೋಡಿಕೊಂಡಿದ್ದೇನೆ. ಎರಡೂ ಮನೆಯವರಿಗೆ ಟ್ರಾನ್ಸ್‌ಫರ್ ಆಯಿತು. ಈಗ ಮಡಗಾಂವ್‌ನ ಒಬ್ಬರು ಫೋನಿನಲ್ಲಿ ಮಾತಾಡಿ, ರೆಸ್ಯೂಮ್ ಕಳಿಸಿ ಅಂದರು. ನನ್ನ ಹತ್ತಿರ ಒಂದು ಸರ್ಟಿಫಿಕೇಟೂ ಇಲ್ಲ. ಏನಂತ ಬರೆಯಲಿ ಮೇಡಂ?
— ಹೆಸರು ಬೇಡ, ಬಿಣಗಾ, ಕಾರವಾರ

ಉತ್ತರ: ಅಕ್ಕಾ, ಸರ್ಟಿಫಿಕೇಟ್ ಇಲ್ಲ ಅಂತ ಹೆದರಬೇಡಿ. ಎರಡು ಮಕ್ಕಳನ್ನು ಸಾಕಿ ಕೊಟ್ಟಿದ್ದೀರಿ, ಬರೆಯುವುದಕ್ಕೆ ಬೇಕಾದಷ್ಟಿದೆ. ನಮ್ಮ ಕಡೆ ಮೊದಲು ಈ ಕೆಲಸ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರದ್ದಾಗಿತ್ತು. ಮಲ್ಲಾಪುರದಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದ ಟೌನ್‌ಶಿಪ್ ಬಂತು, ಆಮೇಲೆ 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು, ಎಲ್ಲೆಲ್ಲಿಂದಲೋ ಬಂದ ಮನೆಗಳಲ್ಲಿ ಕೂಸು ನೋಡಲು ಅಜ್ಜಿಯಂದಿರಿಲ್ಲ, ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಅಂಥವರು ನಿಮ್ಮನ್ನು ನಂಬಿ ಬಾಗಿಲು ಹಾಕಿಕೊಂಡು ಡ್ಯೂಟಿಗೆ ಹೋಗಿದ್ದಾರೆ. ಅದನ್ನೇ ಕಾಗದದ ಮೇಲೆ ಇಳಿಸಬೇಕು.

ತುಂಬಾ ಜನ ಮದುವೆಯ ಬಯೋಡೇಟಾದ ಮಾದರಿ ತಂದು ತಂದೆಯ ಹೆಸರು, ಜಾತಿ, ಎತ್ತರ, ಬಣ್ಣ ಎಲ್ಲ ತುಂಬಿಸಿ, ಕೊನೆಗೆ "ಮಕ್ಕಳನ್ನು ನೋಡಿಕೊಂಡ ಅನುಭವ ಇದೆ" ಅಂತ ಒಂದೇ ಸಾಲು ಬರೆಯುತ್ತಾರೆ. ಓದುವ ತಾಯಿಗೆ ಬೇಕಾದದ್ದು ಆ ಒಂದು ಸಾಲಿನ ಒಳಗಿನ ವಿಷಯ. ಎಷ್ಟು ತಿಂಗಳ ಮಗು, ಎಷ್ಟು ಹೊತ್ತು, ಏನೇನು ನಿಮ್ಮ ಕೈಯಲ್ಲೇ ಆಗುತ್ತಿತ್ತು, ಮನೆಯಲ್ಲಿ ಬೇರೆ ದೊಡ್ಡವರಿದ್ದರಾ, ಇಲ್ಲ ನೀವೊಬ್ಬರೇನಾ. ಹೀಗೆ ಬರೆದು ನೋಡಿ:

"ಗಂಡು ಮಗು. 4 ತಿಂಗಳಿಂದ 2 ವರ್ಷ ಆಗುವವರೆಗೆ. ಬೆಳಿಗ್ಗೆ 8ರಿಂದ ಸಂಜೆ 5, ಆ ಹೊತ್ತಿನಲ್ಲಿ ಮನೆಯಲ್ಲಿ ನಾನೊಬ್ಬಳೇ. ಬಾಟಲಿ ಕುದಿಸುವುದು, ತೆಗೆದಿಟ್ಟ ಎದೆಹಾಲು ಕುಡಿಸುವುದು, ಆರು ತಿಂಗಳ ಮೇಲೆ ರಾಗಿ ಮಣ್ಣಿ, ಮೆದು ಅನ್ನ ತಿನ್ನಿಸುವುದು. ಸ್ನಾನ, ನಿದ್ದೆ, ಬಟ್ಟೆ. ಎಷ್ಟು ಗಂಟೆಗೆ ಏನು ತಿಂದಿತು, ಎಷ್ಟು ಸಲ ಕಕ್ಕಸು ಮಾಡಿತು ಅಂತ ದಿನಾ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಮನೆಯವರಿಗೆ ವರ್ಗವಾದ ಕಾರಣ ಕೆಲಸ ಮುಗಿಯಿತು."

ನೀವು ನಿಜವಾಗಿ ಮಾಡಿದ್ದನ್ನಷ್ಟೇ ಹಾಕಿ. ಪುಸ್ತಕದಲ್ಲಿ ಬರೆದಿಡುತ್ತಿರಲಿಲ್ಲ ಅಂದರೆ ಆ ಸಾಲು ಬೇಡ, ಮುಂದಿನ ಮನೆಯಿಂದ ಆ ರೂಢಿ ಶುರು ಮಾಡಿ. ಬಿಟ್ಟ ಕಾರಣವನ್ನು ಮಾತ್ರ ಬರೆಯಲೇಬೇಕು, ಇಲ್ಲದಿದ್ದರೆ ಓದುವವರು ತಾವೇ ಏನೋ ಊಹಿಸಿಕೊಳ್ಳುತ್ತಾರೆ. ಭಾಷೆಗಳನ್ನೂ ಬರೆಯಿರಿ. ಕಾರವಾರದವರಿಗೆ ಕೊಂಕಣಿ, ಕನ್ನಡ ಎರಡೂ ಸಲೀಸು, ಕ್ವಾರ್ಟರ್ಸಿನಲ್ಲಿದ್ದವರಿಗೆ ಹಿಂದಿಯೂ ಬಂದಿರುತ್ತದೆ. ಗೋವಾದ ಮನೆಗೆ ಕೊಂಕಣಿ ಬರುವವರು ಸಿಗುವುದು ದೊಡ್ಡ ಅನುಕೂಲ, ಇದು ನಿಮಗೆ ಸಾಮಾನ್ಯ ಅನ್ನಿಸಿದರೂ ಮೇಲಿನ ಸಾಲಿನಲ್ಲೇ ಇರಲಿ.

ಇನ್ನು ಹಳೆಯ ಮನೆಯವರ ಮಾತು. ಅವರು ಈಗ ವಿಶಾಖಪಟ್ಟಣದಲ್ಲೋ ಕೊಚ್ಚಿಯಲ್ಲೋ ಇರಬಹುದು, ಫೋನ್ ನಂಬರ್ ಇದ್ದೇ ಇರುತ್ತದಲ್ಲ. ಇವತ್ತೇ ವಾಟ್ಸಾಪಿನಲ್ಲಿ ಕೇಳಿ, "ನನ್ನ ಬಗ್ಗೆ ನಾಲ್ಕು ಸಾಲು ಬರೆದು ಸಹಿ ಹಾಕಿ ಫೋಟೋ ಕಳಿಸಿ, ನಿಮ್ಮ ನಂಬರ್ ಕೊಡಬಹುದಾ" ಅಂತ. ಕೇಳದೇ ನಂಬರ್ ಕೊಡಬೇಡಿ. ಟ್ರಾನ್ಸ್‌ಫರ್ ಆಗುವ ಮನೆಗಳಲ್ಲಿ ಕೆಲಸ ಮಾಡುವ ಎಲ್ಲರಿಗೂ ನಾನು ಹೇಳುವುದು ಇಷ್ಟು: ಸಾಮಾನು ಕಟ್ಟಲು ಶುರು ಮಾಡಿದ ವಾರವೇ ಪತ್ರ ಬರೆಸಿಕೊಳ್ಳಿ, ಲಾರಿ ಹೊರಟ ಮೇಲೆ ಯಾರಿಗೂ ನೆನಪಿರುವುದಿಲ್ಲ. ಪತ್ರದಲ್ಲಿ ತಾರೀಖು, ಮಗುವಿನ ವಯಸ್ಸು, ನಿಮ್ಮ ಕೆಲಸ, ಬಿಟ್ಟ ಕಾರಣ ಇದ್ದರೆ ಸಾಕು, ಹೊಗಳಿಕೆ ಆಮೇಲೆ.

ಆಧಾರ್ ನಂಬರನ್ನು ಬಯೋಡೇಟಾದಲ್ಲಿ ಹಾಕಬೇಡಿ, ಕೆಲಸ ಗಟ್ಟಿಯಾದ ಮೇಲೆ ಎದುರಿಗೇ ತೋರಿಸಿ. ನೋಡಿಕೊಂಡ ಮಕ್ಕಳ ಫೋಟೋ ಅಂತೂ ಬೇಡವೇ ಬೇಡ. ಮಗುವಿನ ಫೋಟೋ ಊರೆಲ್ಲ ಹಂಚುವವರನ್ನು ಯಾವ ತಾಯಿಯೂ ಒಳಗೆ ಬಿಡುವುದಿಲ್ಲ. ಪೊಲೀಸ್ ವೆರಿಫಿಕೇಶನ್ ಅವರು ಕೇಳುವ ಮೊದಲೇ ಮಾಡಿಸಿ, ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಫೋನಿನಲ್ಲಿ ಆಗದಿದ್ದರೆ ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ. ಇ-ಶ್ರಮ್ ಕಾರ್ಡ್ ಮಾಡಿಸಿದ್ದೀರಾ? 2021ರಲ್ಲಿ ಶುರುವಾದದ್ದು, 16ರಿಂದ 59 ವರ್ಷದೊಳಗಿನ, ಪಿಎಫ್ ಇಎಸ್‌ಐ ಇಲ್ಲದ ಕೆಲಸಗಾರರಿಗೆ. ಅದರಲ್ಲಿ ನಿಮ್ಮ ಕೆಲಸ ಏನು ಅಂತ ದಾಖಲಾಗುತ್ತದೆ.

ಪ್ರಶ್ನೆ: ನಾನು ಪಿಯುಸಿ ಮುಗಿಸಿದ್ದೇನೆ, 22 ವರ್ಷ. ಅಕ್ಕನ ಮಗುವನ್ನು ಒಂದೂವರೆ ವರ್ಷ ನೋಡಿಕೊಂಡೆ, ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ಸಂಬಳ ಇದೆಯಂತೆ. ಅಕ್ಕನ ಮಗು ಅನುಭವಕ್ಕೆ ಸೇರುತ್ತದಾ? ಯಾವ ಕೋರ್ಸ್ ಮಾಡಲಿ?
— ಓದುಗಿ, ಶಿರಸಿ

ಉತ್ತರ: ಸೇರುತ್ತದೆ ತಂಗಿ, ಆದರೆ ಮನೆಯ ಮಗು ಅಂತ ಸ್ಪಷ್ಟವಾಗಿ ಬರಿ. ಮುಚ್ಚಿಟ್ಟು ಬೇರೆಯವರ ಮನೆಯ ಹಾಗೆ ತೋರಿಸಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀಯ. ಪಿಯುಸಿ ಆಗಿರುವುದರಿಂದ ಇಗ್ನೋದ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾಕ್ಕೆ ಸೇರಬಹುದು, ಅದು ದೂರಶಿಕ್ಷಣ, ಕೆಲಸ ಮಾಡುತ್ತಲೇ ಓದಬಹುದು. ಕೌಶಲ್ಯ ತರಬೇತಿಯಲ್ಲಿ ಮಗು ಆರೈಕೆಗೆ ಬೇರೆಯೇ ಕೋರ್ಸ್ ಇದೆ. ನಮ್ಮ ಜಿಲ್ಲೆಯಲ್ಲಿ ಈಗ ಬ್ಯಾಚ್ ಇದೆಯಾ ಅಂತ ಕಾರವಾರದ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ ಫೋನ್ ಮಾಡಿ ಕೇಳು. ಮೊದಲೇ ಕೆಲಸ ಗೊತ್ತಿದ್ದವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಅನ್ನುವ ದಾರಿಯೂ ಉಂಟು, ಬಿಣಗಾದ ಅಕ್ಕನೂ ಇದನ್ನು ವಿಚಾರಿಸಬೇಕು. ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದ್ದರೆ ಹೋಗಿ ನೋಡು. ನರೇಗಾ ಕೆಲಸಕ್ಕೆ ಹೋಗುವವರ ಮೂರು ವರ್ಷದೊಳಗಿನ ಮಕ್ಕಳಿಗೆ ಅಂತ ಸರ್ಕಾರ ಮಾಡಿದ್ದು, ಅಲ್ಲಿನ ಆರೈಕೆದಾರರಿಗೆ ತರಬೇತಿ ಕೊಟ್ಟಿರುತ್ತಾರೆ. ಹತ್ತು ಮಕ್ಕಳನ್ನು ಒಟ್ಟಿಗೆ ಹೇಗೆ ಸಂಭಾಳಿಸುತ್ತಾರೆ ಅಂತ ನೋಡಿದರೇ ಕಲಿಯುವುದು ತುಂಬಾ ಇದೆ.

ಆದರೆ ಎಲ್ಲಕ್ಕಿಂತ ಮೊದಲು ಪ್ರಥಮ ಚಿಕಿತ್ಸೆ ಕಲಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಎರಡೂ ಸಂಸ್ಥೆಗಳು ಕಲಿಸುತ್ತವೆ. ಇಂಟರ್‌ವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ, "ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡ್ತೀಯ?" ಅಂತ. ನಮ್ಮ ಮನೆಗಳಲ್ಲಿ ಗೇರುಬೀಜ, ಹುಣಸೆ ಬೀಜ, ಅಡಿಕೆ ಚೂರು ನೆಲದ ಮೇಲೆ ಬಿದ್ದೇ ಇರುತ್ತವೆ, ಅಂಬೆಗಾಲಿಡುವ ಕೂಸು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲೂ ಅಳಲೂ ಆಗದೇ ಇದ್ದರೆ, ಒಂದು ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆಯನ್ನು ಎದೆಗಿಂತ ಕೆಳಗೆ ಹಿಡಿದು, ಹೆಗಲ ಮೂಳೆಗಳ ಮಧ್ಯೆ ಅಂಗೈಯ ಬುಡದಿಂದ 5 ಸಲ ಹೊಡೆಯಬೇಕು. ಬರಲಿಲ್ಲ ಅಂದರೆ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಬೇಕು, ಮತ್ತೆ ಬೆನ್ನು, ಮತ್ತೆ ಎದೆ. ಹತ್ತಿರ ಇರುವವರು 108ಕ್ಕೆ ಫೋನ್ ಮಾಡಲಿ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಾಡಬಾರದು, ಅದು ಇನ್ನೂ ಒಳಗೆ ಹೋಗುತ್ತದೆ. ಇದನ್ನು ಓದಿ ಕಲಿತರೆ ಸಾಲದು, ಬೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಬೇಕು.

ಇನ್ನೊಂದು ಮಾತು. ಅಕ್ಕನ ಮಗುವಿಗೆ ಮೀಯಿಸುವಾಗ ಕಿವಿಗೆ ಮೂಗಿಗೆ ಎಣ್ಣೆ ಬಿಟ್ಟಿರಬಹುದು, ಜೇನು ನೆಕ್ಕಿಸಿರಬಹುದು, ನಮ್ಮ ಅಜ್ಜಿಯಂದಿರು ಹಾಗೇ ಮಾಡಿದರು. ಬೇರೆಯವರ ಮಗುವಿಗೆ ಇದು ಯಾವುದೂ ಬೇಡ. ಒಂದು ವರ್ಷದೊಳಗೆ ಜೇನು ಅಪಾಯ, ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಅಂತಲೇ ಡಾಕ್ಟರು ಹೇಳುವುದು. ತಾಯಿ ಏನು ಹೇಳುತ್ತಾಳೋ, ಮಕ್ಕಳ ಡಾಕ್ಟರು ಏನು ಬರೆದಿದ್ದಾರೋ ಅದರಂತೆ ನಡೆಯುವವಳು ಅಂತ ಗೊತ್ತಾದರೆ ನಿನಗೆ ಕೆಲಸ ತಾನಾಗಿ ಸಿಗುತ್ತದೆ.

ಪ್ರಶ್ನೆ: ಕುವೈತಿನಲ್ಲಿ ಮಗು ನೋಡುವ ಕೆಲಸ ಇದೆ, ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ, ಒಂದು ಲಕ್ಷ ಕೊಡಿ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ. ನನಗೆ 27, ಎಂಟನೇ ಕ್ಲಾಸ್ ಓದಿದ್ದೇನೆ. ಹೋಗಬಹುದಾ?
— ಹೆಸರು ಬೇಡ, ಹೊನ್ನಾವರ

ಉತ್ತರ: ಬೇಡ. ಹಣ ಕೊಡಬೇಡ, ಪಾಸ್‌ಪೋರ್ಟನ್ನೂ ಅವನ ಕೈಗೆ ಕೊಡಬೇಡ. ಎಸ್ಸೆಸ್ಸೆಲ್ಸಿ ಆಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಇರುತ್ತದೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು ಅಂತ. ಅಂಥ ಹೆಣ್ಣುಮಕ್ಕಳು ಕುವೈತಿನಂಥ ದೇಶಕ್ಕೆ ಮನೆಗೆಲಸಕ್ಕೆ ಹೋಗಬೇಕಾದರೆ 30 ವರ್ಷ ತುಂಬಿರಬೇಕು, ಅದೂ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್ ಮೂಲಕವೇ ಆಗಬೇಕು. ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಅಂತ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಒಂದು ಲಕ್ಷ ಕೇಳಿದ ಅಂದರೇ ಅರ್ಥ ಮಾಡಿಕೋ. ವಿಸಿಟ್ ವೀಸಾದಲ್ಲಿ ಹೋದರೆ ಅಲ್ಲಿ ಸಂಬಳ ಕೊಡದಿದ್ದರೂ ಕೇಳಲು ನಿನ್ನ ಕೈಯಲ್ಲಿ ಒಂದು ಕರಾರು ಪತ್ರವೂ ಇರುವುದಿಲ್ಲ. ಈ ಮೂರು ವರ್ಷದಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟು, ಇಲ್ಲೇ ಒಂದು ಮನೆಯಲ್ಲಿ ಕೆಲಸ ಮಾಡಿ ಪತ್ರ ಬರೆಸಿಕೋ.

ಪ್ರಶ್ನೆ: ಹಿಂದಿನ ಮನೆಯವರ ಜೊತೆ ಸಂಬಳದ ವಿಷಯಕ್ಕೆ ಮಾತು ಬೆಳೆದು ಕೆಲಸ ಬಿಟ್ಟೆ. ಅವರ ನಂಬರ್ ಕೊಡಬೇಕಾ?
— ಕುಮಟಾ

ಉತ್ತರ: ನಂಬರ್ ಕೊಡಬೇಕಂತಿಲ್ಲ, ಆದರೆ ಆ ಮನೆಯನ್ನು ಬಯೋಡೇಟಾದಿಂದ ತೆಗೆಯಬೇಡಿ, ಮಧ್ಯದಲ್ಲಿ ಖಾಲಿ ಬಿಟ್ಟರೆ ಅನುಮಾನ ಬರುತ್ತದೆ. ಯಾಕೆ ಬಿಟ್ಟಿರಿ ಅಂತ ಕೇಳಿದರೆ "ಮಗುವಿನ ಕೆಲಸಕ್ಕೆ ಅಂತ ಸೇರಿದ್ದೆ, ಆಮೇಲೆ ಅಡುಗೆ ಪಾತ್ರೆ ಎಲ್ಲ ಸೇರಿತು, ಸಂಬಳ ಹೊಂದಲಿಲ್ಲ" ಅಂತ ಇದ್ದದ್ದನ್ನು ಒಂದೇ ಮಾತಿನಲ್ಲಿ ಹೇಳಿ, ಆ ಮನೆಯವರನ್ನು ಬೈಯಬೇಡಿ. ಹೊಸ ಮನೆಯಲ್ಲಿ ಸೇರುವ ಮೊದಲೇ ಕೆಲಸ ಯಾವುದು, ಎಷ್ಟು ಗಂಟೆ, ವಾರದ ರಜೆ ಯಾವತ್ತು, ಸಂಬಳ ಯಾವ ತಾರೀಖಿಗೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮನೆಗೆಲಸದವರಿಗೆ ಕನಿಷ್ಠ ವೇತನ ಅಂತ ಕರ್ನಾಟಕದಲ್ಲಿ 2004ರಲ್ಲೇ ಗೊತ್ತುಮಾಡಿದ್ದಾರೆ, ಈಗಿನ ದರ ಎಷ್ಟು ಅಂತ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡು ಹೋಗಿ, ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ.