ಥೀಮ್ ಪಾರ್ಕಿನಲ್ಲಿ ಬಿಯರ್ ಬೇಕೇ?

ಪ್ರಶ್ನೆ: ಮಕ್ಕಳುಮರಿ ಬರುವ ಥೀಮ್ ಪಾರ್ಕಿನಲ್ಲಿ ಮದ್ಯ ಮಾರುವುದು ಸರಿಯೇ? ಡಿಸ್ನಿಯವರೇ ಮಾರುತ್ತಾರಂತಲ್ಲ?

ಉತ್ತರ: ಮಾರುತ್ತಾರೆ, ಆದರೆ ಅಳೆದು ಸುರಿದು. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಸಾರ್ವಜನಿಕರಿಗೆ ಮದ್ಯ ಇರಲಿಲ್ಲ. 1992ರಲ್ಲಿ ಪ್ಯಾರಿಸ್ ಬಳಿಯ ಪಾರ್ಕಿನಲ್ಲೂ ಅದೇ ನಿಯಮ ತಂದರು. ಊಟಕ್ಕೆ ವೈನ್ ಇಲ್ಲವೆಂದರೆ ಫ್ರೆಂಚರು ಕೇಳಿಯಾರೇ? ಮರುವರ್ಷವೇ ನಿಯಮ ಸಡಿಲಿಸಬೇಕಾಯಿತು.

ಮಾರುವುದಾದರೆ ಎಲ್ಲಿ, ಹೇಗೆ ಎಂಬುದೇ ಮುಖ್ಯ. ಊಟದ ಮೇಜಿಗೆ ಕೊಟ್ಟರೆ ಅಷ್ಟೇನೂ ತೊಂದರೆಯಿಲ್ಲ. ಲೋಟ ಹಿಡಿದು ಸುತ್ತಾಡಲು ಬಿಟ್ಟರೆ ಅದು ರೈಡ್‌ಗಳ ಸಾಲಿಗೇ ಬರುತ್ತದೆ; ಕುಡಿದವರನ್ನು ತಡೆಯುವ ಕಷ್ಟ ರೈಡ್ ನಡೆಸುವ ಹುಡುಗನ ತಲೆಗೆ. ವಯಸ್ಸು ನೋಡಿ ಕೈಪಟ್ಟಿ ಕಟ್ಟುವುದು, ಒಬ್ಬರಿಗೆ ಒಮ್ಮೆಗೆ ಒಂದೇ ಲೋಟ, ಪಾರ್ಕ್ ಮುಚ್ಚುವ ಎರಡು ಗಂಟೆ ಮೊದಲೇ ಮಾರಾಟ ಬಂದ್: ಇಷ್ಟಾದರೂ ಇರಲಿ. ಪಾರ್ಕಿಂಗ್ ಜಾಗಕ್ಕೆ ಹೊರಟವರ ಕೈಯಲ್ಲಿ ಕಾರಿನ ಕೀ ಇರುತ್ತದೆ, ನೋಡಿ.

ದೇಹದ ಲೆಕ್ಕವೂ ಇದೆ. ಶೇ. 5ರ 330 ಮಿ.ಲೀ. ಬಿಯರಿನಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್; ಅದು ಕರಗಲು ಒಂದೂವರೆ-ಎರಡು ಗಂಟೆ ಬೇಕು. ಒಳಕಿವಿಯಲ್ಲಿ ಸಮತೋಲ ಕಾಯುವ ಪುಟ್ಟ ಪೊರೆಯನ್ನು ಆಲ್ಕೋಹಾಲ್ ಹಗುರ ಮಾಡುತ್ತದೆ. ಕೂತಲ್ಲೇ ತಲೆ ತಿರುಗುವುದು ಇದರಿಂದಲೇ. ಆಮೇಲೆ ಗಿರಗಿರ ತಿರುಗುವ ರೈಡ್ ಹತ್ತಿದರೆ ವಾಂತಿ ಗ್ಯಾರಂಟಿ, ಪಕ್ಕದಲ್ಲಿ ಕೂತ ಮಗುವಿನ ಮೇಲೆ.