ಎರಕದ ಅಲ್ಯೂಮಿನಿಯಂ ಫ್ರೇಮಿನ ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳಬಹುದೇ? ಮುರಿಯುತ್ತೆ, ಸವಾರಿಯೂ ಒರಟು ಅಂತಾರಲ್ಲ?

ಎರಕದ ಫ್ರೇಮ್ ಗಡುಸು, ಅದಕ್ಕೇ ಸವಾರಿ ಒರಟು ಅಂತ ಜನ ಹೇಳುತ್ತಾರಲ್ಲ, ಅದೇ ಮಾತು ನಂಬಿ ನಾನು ಒಂದು ಒಳ್ಳೆಯ ಫ್ರೇಮನ್ನು ಗುಜರಿಗೆ ಹಾಕಿದ್ದೇನೆ.

ನನ್ನದೂ ಸೆಕೆಂಡ್ ಹ್ಯಾಂಡ್ ಬೈಕೇ. ಎಡಕ್ಕೊಂದು ಬಲಕ್ಕೊಂದು ಎರಕದ ತೊಲೆ. ಎಂಜಿನ್ನಿನ ಕೆಳಗೆ ಹಾದುಹೋಗುವ ಕೊಳವೆ ಇಲ್ಲ, ಎಂಜಿನ್ನೇ ಫ್ರೇಮಿನ ಕೆಳಭಾಗ. ಸಣ್ಣ ಹೊಂಡ ಸಿಕ್ಕರೂ ಸೊಂಟಕ್ಕೆ ನೇರ ಗುದ್ದು. ಜೊತೆಗೆ ಹ್ಯಾಂಡಲ್ ನಡುಗಿ ಬೆರಳು ಜೋಮು ಹಿಡಿಯುತ್ತಿತ್ತು. ಹಿಂದೆ ಇದ್ದ ಸ್ಟೀಲ್ ಕೊಳವೆ ಫ್ರೇಮಿನ ಬೈಕಿನಲ್ಲಿ ಈ ಕಾಟ ಇರಲಿಲ್ಲ. ಹಾಗಾಗಿ ತಪ್ಪೆಲ್ಲ ಫ್ರೇಮಿನದೇ ಅಂತ ತೀರ್ಮಾನ ಮಾಡಿದೆ. ಕೇಳಿದವರೂ ಹೌದು ಹೌದು ಅಂದರು.

ನಾರ್ಟನ್ ಕಮಾಂಡೊ 1967ರಲ್ಲೇ ಎಂಜಿನ್ನನ್ನು ರಬ್ಬರ್ ಮೇಲೆ ಕೂರಿಸಿ ನಡುಕ ತಗ್ಗಿಸಿತ್ತು ಅಂತ ಎಲ್ಲೋ ಓದಿದ್ದೆ. ಅದು ನಿಜವೇ. ಆದರೆ ಅದರಲ್ಲಿ ಎಂಜಿನ್, ಗೇರ್‌ಬಾಕ್ಸ್, ಹಿಂಚಕ್ರ ಹಿಡಿಯುವ ತೋಳಾದ ಸ್ವಿಂಗ್‌ಆರ್ಮ್ ಮೂರೂ ಒಂದೇ ಕಟ್ಟಾಗಿ ರಬ್ಬರ್ ಮೇಲೆ ಕೂತಿದ್ದವು, ಫ್ರೇಮನ್ನು ಎಂಜಿನ್ನಿನ ಹಂಗಿಲ್ಲದೆ ನಿಲ್ಲುವ ಹಾಗೆ ಕಟ್ಟಿದ್ದರು. ಅಷ್ಟು ದೂರ ನಾನು ಯೋಚಿಸಲಿಲ್ಲ. ದಪ್ಪ ರಬ್ಬರ್ ಹಾಳೆಯಿಂದ ವಾಷರ್ ಕತ್ತರಿಸಿ, ಎಂಜಿನ್ನಿನ ಮುಂದಿನ ಮೌಂಟಿಂಗಿಗೂ ಫ್ರೇಮಿನ ಕಿವಿಗೂ (ಬೋಲ್ಟ್ ತೂರುವ ಚಾಚು) ನಡುವೆ ತುರುಕಿದೆ. ರಬ್ಬರ್ ಪಿಚ್ಚನೆ ಹೊರಗೆ ಬರುತ್ತಿದ್ದರಿಂದ ಬೋಲ್ಟನ್ನು ಪೂರ್ತಿ ಬಿಗಿ ಮಾಡಲೂ ಇಲ್ಲ. ಗಾಡಿ ಓಡಿಸಿದರೆ ನಡುಕ ಕಡಿಮೆಯಾಗಿತ್ತು! ನನ್ನನ್ನು ಕೆಡಿಸಿದ್ದೇ ಅದು.

ಅಲ್ಲಿ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಇದು ನನಗೆ ಯಾರೂ ಹೇಳಿರಲಿಲ್ಲ. ಅಂಥ ಜೋಡಣೆಯಲ್ಲಿ ಭಾರ ಹೊರುವುದು ಬೋಲ್ಟಿನ ಕಡ್ಡಿ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ. ಬೋಲ್ಟ್ ಎರಡು ಲೋಹದ ಮುಖಗಳನ್ನು ಅವಚಿ ಹಿಡಿಯುತ್ತದೆ, ಆ ಮುಖಗಳ ನಡುವಿನ ಘರ್ಷಣೆ ಭಾರ ಹೊರುತ್ತದೆ. ಕಂಪನಿಯವರು ಇಷ್ಟೇ ಟಾರ್ಕ್ (ತಿರುಚುವ ಬಲ), ಇದೇ ಕ್ರಮದಲ್ಲಿ ಬಿಗಿ ಮಾಡಿ ಅನ್ನುವುದು ಅದಕ್ಕೇ. ನಡುವೆ ರಬ್ಬರ್ ಬಂತೋ, ಹಿಡಿತ ಹೋಯಿತು. ಎಂಜಿನ್ ಹೊರಬೇಕಾದ ಪಾಲು ಹಿಂದಿನ ಮೌಂಟಿಂಗಿನ ಮೇಲೆ, ತೊಲೆಗಳ ಮೇಲೆ ಬಿತ್ತು. ಮುಂದಿನ ಕಿವಿಯೋ, ಪ್ರತಿ ಬ್ರೇಕಿಗೂ ಪ್ರತಿ ಹೊಂಡಕ್ಕೂ ಅತ್ತಿತ್ತ ಬಾಗತೊಡಗಿತು. ಸ್ಟೀಲಿಗೆ ಒಂದು ಮಿತಿ ಇದೆ, ಅದಕ್ಕಿಂತ ಕಡಿಮೆ ಒತ್ತಡದಲ್ಲಿ ಎಷ್ಟು ಸಲ ಬಾಗಿಸಿದರೂ ದಣಿಯದು. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಚಿಕ್ಕ ಬಾಗಾಟವೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ.

ಮೊದಲು ಬ್ರೇಕ್ ಹಿಡಿದಾಗ 'ಟಿಕ್' ಅನ್ನುವ ಸದ್ದು. ಆಮೇಲೆ ಗಾಡಿ ತೊಳೆಯುವಾಗ ಬೋಲ್ಟಿನ ಸುತ್ತ ಗ್ರೀಸಿನಂಥ ಕಪ್ಪು ಮಸಿ ಕಂಡಿತು, ಲೋಹ ಲೋಹಕ್ಕೆ ಉಜ್ಜಿ ಬಂದ ಪುಡಿ. ಒರೆಸಿದೆ. ಮಸಿ ಹೋಯಿತು, ಕಿವಿಯ ಬುಡದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಗೆರೆಯೊಂದು ಹೋಗಲಿಲ್ಲ.

ವೆಲ್ಡಿಂಗ್ ಮಾಡಿಸಲು ಹೋದೆ. ಆರ್ಕ್ ತಾಗಿದ್ದೇ ತಡ ಲೋಹದಿಂದ ಗುಳ್ಳೆ ಎದ್ದವು. ಸಾಮಾನ್ಯ ಡೈ ಕಾಸ್ಟಿಂಗಿನಲ್ಲಿ ಅಚ್ಚಿಗೆ ಲೋಹ ರಭಸದಿಂದ ನುಗ್ಗುವಾಗ ಗಾಳಿ ಸಿಕ್ಕಿಕೊಂಡಿರುತ್ತದೆ, ಕಾಯಿಸಿದರೆ ಅದು ಹೊರಗೆ ಬರಲೇಬೇಕು. ಆತ ಟಾರ್ಚ್ ಕೆಳಗಿಟ್ಟು "ಇದು ನಿಲ್ಲಲ್ಲ ಸಾರ್" ಅಂದ. ಪುಣ್ಯಾತ್ಮ, ಹಣಕ್ಕಾಗಿ ಹೇಗೋ ಮೆತ್ತಿ ಕಳಿಸಲಿಲ್ಲ.

ಫ್ರೇಮ್ ಬದಲಿಸಲು ಗಾಡಿ ಪೂರ್ತಿ ಬಿಚ್ಚಿದಾಗ ಅಸಲಿ ಕಥೆ ತಿಳಿಯಿತು. ಹಿಂದಿನ ಶಾಕ್ ಅಬ್ಸಾರ್ಬರನ್ನು ಹಿಂಚಕ್ರದ ತೋಳಿಗೆ ಜೋಡಿಸುವ ಲಿಂಕೇಜಿನ ಬೇರಿಂಗಿನಲ್ಲಿ ಗ್ರೀಸ್ ಇರಲಿಲ್ಲ. ಸೂಜಿಯಂಥ ರೋಲರ್‌ಗಳು ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಕೈಯಲ್ಲಿ ತಿರುಗಿಸಿದರೆ ಲಿಂಕ್ ಅಲ್ಲಾಡುತ್ತಿರಲಿಲ್ಲ. ಸಾಲದ್ದಕ್ಕೆ ಹಿಂದಿನ ಮಾಲೀಕರು ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಿಕೆ) ಕೊನೆಯವರೆಗೂ ತಿರುಗಿಸಿಟ್ಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ಅದಕ್ಕೇ ನಿಮ್ಮ ಪ್ರಶ್ನೆಯ ಎರಡನೇ ಅರ್ಧವನ್ನು ನಾನು ಒಪ್ಪುವುದಿಲ್ಲ. ರೋಡ್ ಬೈಕಿನ ಹಿಂಚಕ್ರ ಸುಮಾರು 120-130 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ. ಅದರ ಮುಂದೆ ಫ್ರೇಮ್ ಮೇಲೆ ಕೆಳಗೆ ಬಾಗುವುದು ಲೆಕ್ಕಕ್ಕೇ ಇಲ್ಲ, ಎರಕದ್ದಾಗಲಿ ಸ್ಟೀಲಾಗಲಿ. ಫ್ರೇಮಿನ ಬಾಗು ಅನುಭವಕ್ಕೆ ಬರುವುದು ತಿರುವಿನಲ್ಲಿ ಗಾಡಿ ಚೆನ್ನಾಗಿ ಓರೆಯಾದಾಗ. ಆಗ ರಸ್ತೆಯ ಉಬ್ಬು ಸಸ್ಪೆನ್ಷನ್ನಿಗೆ ಅಡ್ಡಲಾಗಿ ಒದೆಯುತ್ತದೆ, ಫ್ರೇಮ್ ಪಕ್ಕಕ್ಕೆ ತುಸು ಬಳುಕಬೇಕಾಗುತ್ತದೆ. ಅದು ಟೈರಿನ ಹಿಡಿತದ ವಿಷಯ, ಸೊಂಟದ ವಿಷಯವಲ್ಲ. ಸೊಂಟಕ್ಕೆ ಬೇಕಾದ್ದು ನಿಮ್ಮ ತೂಕಕ್ಕೆ ಹೊಂದುವ ಸ್ಪ್ರಿಂಗ್, ಕೆಲಸ ಮಾಡುವ ಡ್ಯಾಂಪರ್ (ಸ್ಪ್ರಿಂಗಿನ ಕುಣಿತ ತಡೆಯುವುದು), ಸರಿಯಾದ ಟೈರ್ ಗಾಳಿ, ಸೀಟು.

ಗಟ್ಟಿತನದ ಬಗ್ಗೆ ಹೇಳಬೇಕಾದ್ದು ಕಡಿಮೆ. ಎರಕ ಅಂದರೆ ಟೊಳ್ಳು ಅನ್ನುವ ಮಾತು ಹಳೆಯದಾಯಿತು. ಅಚ್ಚಿನೊಳಗೆ ಸಿಗುವ ಗಾಳಿಯನ್ನು ತೀರಾ ಕಡಿಮೆ ಮಾಡುವ ವಿಧಾನದಲ್ಲಿ ಯಮಹಾ 2003ರ ಆರ್6 ಬೈಕಿನ ಫ್ರೇಮ್ ಮಾಡಿತು. ಅದೇ ಕಂಪನಿಯ 2021ರ ಎಂಟಿ-09 ಬೈಕಿನಲ್ಲಿ ಫ್ರೇಮಿನ ಗೋಡೆಯ ಕನಿಷ್ಠ ದಪ್ಪ 3.5ರಿಂದ 1.7 ಮಿ.ಮೀ.ಗೆ ಇಳಿಯಿತು. ಡುಕಾಟಿಯ 1199 ಪನಿಗಾಲೆಯಲ್ಲಂತೂ ಮುಂದೆ ಒಂದು ಎರಕದ ಪೆಟ್ಟಿಗೆ, ಉಳಿದ ಭಾರವೆಲ್ಲ ಎಂಜಿನ್ನಿನ ಮೇಲೆ. ಬೇಕಾದ ಕಡೆ ದಪ್ಪ, ಬೇಡದ ಕಡೆ ತೆಳ್ಳಗೆ ಮಾಡಲು ಎರಕದಷ್ಟು ಅನುಕೂಲ ಇನ್ನೊಂದಿಲ್ಲ. ಸ್ಟೀಲ್ ಕೊಳವೆ ಗೆಲ್ಲುವುದು ಬಿದ್ದಾಗ: ಅದು ಬಾಗುತ್ತದೆ, ಕಣ್ಣಿಗೆ ಕಾಣುತ್ತದೆ, ಎಷ್ಟೋ ಸಲ ನೆಟ್ಟಗೂ ಮಾಡಬಹುದು. ಎರಕದ್ದು ಬಿರಿಯುತ್ತದೆ.

ಹಾಗಾಗಿ ನೀವು ನೋಡಬೇಕಾದ್ದು ಆ ಗಾಡಿ ಬಿದ್ದಿದೆಯಾ ಇಲ್ಲವಾ ಅನ್ನುವುದನ್ನು. ಹ್ಯಾಂಡಲ್ಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಸ್ಟೀರಿಂಗ್ ತಡೆಯುವ ಮೊಳೆಯಂಥ ಉಬ್ಬು ಜಜ್ಜಿದೆಯಾ ಮುರಿದಿದೆಯಾ ನೋಡಿ, ಬಿದ್ದ ಗಾಡಿಯಲ್ಲಿ ಮೊದಲು ಏಟು ತಿನ್ನುವ ಜಾಗಗಳಲ್ಲಿ ಅದೊಂದು. ಎಂಜಿನ್ ಮೌಂಟಿಂಗಿನ ಕಿವಿಗಳ ಬುಡಕ್ಕೆ ಟಾರ್ಚ್ ಹಿಡಿಯಿರಿ. ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ವೆಲ್ಡಿಂಗ್ ಗುರುತಿದ್ದರೆ ಎದ್ದು ಬನ್ನಿ, ಚೌಕಾಸಿಯೂ ಬೇಡ. ಅವೆಲ್ಲ ಸರಿಯಿದ್ದು ಸವಾರಿ ಮಾತ್ರ ಒರಟಾಗಿದ್ದರೆ ಗಾಡಿ ತಗೊಂಡು, ಮೊದಲು ಲಿಂಕೇಜ್ ಬಿಚ್ಚಿಸಿ ಗ್ರೀಸ್ ಹಾಕಿಸಿ.