ಹಳೆ ಸಿ ಪ್ರೋಗ್ರಾಮನ್ನು ಬಿಸಾಡಬೇಡಿ, ವಿಂಡೋ ಮಾತ್ರ ಸೇರಿಸಿ

ಪ್ರಶ್ನೆ (ಬದಿಯಡ್ಕದಿಂದ): ನಮ್ಮ ಅಡಿಕೆ ಅಂಗಡಿಯ ಲೆಕ್ಕಕ್ಕೆ ಅಣ್ಣ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಇದೆ. ವಿಂಡೋಸ್‌ನ ಕಪ್ಪು ಪರದೆಯಲ್ಲಿ ಸರಿಯಾಗಿ ಓಡುತ್ತದೆ. ಪೈಥಾನ್‌ನ ಟಿಕಿಂಟರ್ ಬಳಸಿ ಬಟನ್ ಇರುವ ವಿಂಡೋ ಮಾಡಿ, ಅದರಿಂದ ಇದನ್ನು ಓಡಿಸಿದೆ. 'ತೂಕ ಎಷ್ಟು?' ಅನ್ನುವುದೇ ಬರುವುದಿಲ್ಲ, ವಿಂಡೋ ಹ್ಯಾಂಗ್ ಆಗುತ್ತದೆ. ಎಲ್ಲವನ್ನೂ ಪೈಥಾನ್‌ನಲ್ಲಿ ಮತ್ತೆ ಬರೆಯಲೇ?

ಉತ್ತರ: ಬೇಡ. ಈ ಪ್ರಶ್ನೆ ಎಷ್ಟು ಸಲ ಬಂದರೂ ನನ್ನ ಉತ್ತರ ಇದೇ. ಅಡಿಕೆಯಲ್ಲಿ ಚಾಲಿಗೊಂದು, ಪಟೋರಕ್ಕೊಂದು, ಕರಿಗೋಟಿಗೊಂದು ದರ ಹಾಕಿ ಇಷ್ಟು ಕಾಲ ಸರಿಯಾಗಿ ರಶೀದಿ ಕೊಟ್ಟ ಲೆಕ್ಕ ಅದು. ಮತ್ತೆ ಬರೆದರೆ ಹೊಸ ತಪ್ಪು ಸೇರುತ್ತದೆ, ನಷ್ಟ ಅಡಿಕೆ ತಂದವರಿಗೆ. 'ಸಿ ಹಳತಾಯ್ತು, ಪೂರ್ತಿ ಹೊಸತು ಮಾಡಿಕೊಡ್ತೇವೆ' ಅಂತ ದುಡ್ಡು ಕೇಳುವವರನ್ನು ಅಂಗಡಿ ಮೆಟ್ಟಿಲು ಹತ್ತಿಸಬೇಡಿ.

ಪ್ರಶ್ನೆ ಯಾಕೆ ಬರುವುದಿಲ್ಲ ಅಂದರೆ, ಸಿ ಭಾಷೆಯಲ್ಲಿ ಪ್ರಿಂಟ್ ಮಾಡುವ ಪ್ರಿಂಟ್‌ಎಫ್ ಬರೆದದ್ದು ಮೊದಲು ಬಫರ್‌ನಲ್ಲಿ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ, ಕೂರುತ್ತದೆ. ಎದುರಿಗೆ ಪರದೆ ಇದ್ದರೆ ಬೇಗ ಹೊರಗೆ ಬರುತ್ತದೆ. ಪೈಪ್ (ಒಂದು ಪ್ರೋಗ್ರಾಮ್ ಬರೆದದ್ದನ್ನು ಇನ್ನೊಂದಕ್ಕೆ ಮುಟ್ಟಿಸುವ ದಾರಿ) ಇದ್ದರೆ ಬಫರ್ ತುಂಬಬೇಕು, ಇಲ್ಲವೇ ಪ್ರೋಗ್ರಾಮ್ ಮುಗಿಯಬೇಕು. ಸಿ ನಿಮ್ಮ ತೂಕಕ್ಕೆ ಕಾಯುತ್ತದೆ, ವಿಂಡೋ ಸಿ ಕೇಳುವ ಪ್ರಶ್ನೆಗೆ ಕಾಯುತ್ತದೆ. ಎರಡೂ ಅಲ್ಲೇ ನಿಂತವು, ಅಲ್ವಾ?

ಸಿ ಪ್ರೋಗ್ರಾಮಿನ ಮೇನ್ ಫಂಕ್ಷನ್ ಶುರುವಾದ ಕೂಡಲೇ, ಒಂದಕ್ಷರ ಪ್ರಿಂಟ್ ಆಗುವ ಮೊದಲು, ಬಫರ್ ಹೇಗಿರಬೇಕು ಅಂತ ಹೇಳುವ ಸೆಟ್‌ವಿಬಫ್ ಫಂಕ್ಷನ್ ಕರೆದು ಆ ಬಫರನ್ನೇ ತೆಗೆಯಿರಿ. ಸಾಲುಸಾಲಾಗಿ ಕಳಿಸುವ ಆಯ್ಕೆ ಸಾಕು ಅಂತ ಸುಮಾರು ಜನ ಹೇಳಿಕೊಡುತ್ತಾರೆ. ವಿಂಡೋಸ್ ಅದನ್ನೂ ಪೂರ್ತಿ ಬಫರ್ ಅಂತಲೇ ತಿಳಿಯುತ್ತದೆ, ಪ್ರಯೋಜನವಿಲ್ಲ. 'ತೂಕ ಎಷ್ಟು?' ಆದ ಮೇಲೆ ಹೊಸ ಸಾಲಿನ ಗುರುತೂ ಬೇಕು. ಇಲ್ಲದಿದ್ದರೆ ಒಂದಿಡೀ ಸಾಲಿಗೆ ಕಾಯುವ ಪೈಥಾನ್‌ನ ರೀಡ್‌ಲೈನ್ ಮುಂದೆ ಹೋಗುವುದಿಲ್ಲ. ನೀವು ತೂಕ ಕಳಿಸಿದ ಮೇಲೆ ಪೈಥಾನ್ ಕಡೆಯೂ ಫ್ಲಶ್ ಮಾಡಿ, ಅಂದರೆ ಬಫರ್‌ನಲ್ಲಿ ಉಳಿದದ್ದನ್ನು ಕೂಡಲೇ ಹೊರಗೆ ತಳ್ಳಿ.

ಇನ್ನು ಹ್ಯಾಂಗ್. ಬಟನ್ ಒತ್ತಿದ ಫಂಕ್ಷನ್ ಒಳಗೇ ರೀಡ್‌ಲೈನ್ ಇಟ್ಟಿರುತ್ತೀರಿ. ಅದು ಕಾಯುವಷ್ಟು ಹೊತ್ತು ಟಿಕಿಂಟರ್‌ಗೆ ವಿಂಡೋ ನೋಡಿಕೊಳ್ಳಲು ಪುರುಸೊತ್ತಿಲ್ಲ. ಓದುವ ಕೆಲಸವನ್ನು ಬೇರೆ ಥ್ರೆಡ್‌ಗೆ (ಅದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ನಡೆಯುವ ಇನ್ನೊಂದು ಕೆಲಸಕ್ಕೆ) ಕೊಡಿ. ಅದು ಸಾಲುಗಳನ್ನು ಕ್ಯೂಗೆ, ಅಂದರೆ ಸರದಿಯ ಪಟ್ಟಿಗೆ, ಹಾಕಲಿ. ವಿಂಡೋ ಕಡೆಯಿಂದ ಟಿಕಿಂಟರ್‌ನ 'ಆಫ್ಟರ್' ಬಳಸಿ 100 ಮಿಲಿಸೆಕೆಂಡಿಗೊಮ್ಮೆ ಕ್ಯೂ ನೋಡಿ. ಥ್ರೆಡ್‌ನಿಂದ ನೇರವಾಗಿ ವಿಂಡೋದ ಲೇಬಲ್ ಮುಟ್ಟಲೇಬೇಡಿ. ಎರರ್ ಸಾಲುಗಳನ್ನೂ ಅದೇ ಪೈಪಿಗೆ ಸೇರಿಸಿ. ಬೇರೆ ಪೈಪ್ ಕೊಟ್ಟು ಓದದೆ ಬಿಟ್ಟರೆ ಅದು ತುಂಬಿದ ದಿನ ಸಿ ನಡುವಲ್ಲೇ ನಿಲ್ಲುತ್ತದೆ. ಲಿನಕ್ಸ್‌ನಲ್ಲಾದರೆ ಸಾಮಾನ್ಯವಾಗಿ 64 ಕೆಬಿಗೆ ತುಂಬುತ್ತದೆ.

ಒಂದು ತಿಂಗಳು ಕಪ್ಪು ಪರದೆಯಲ್ಲೂ ಹೊಸ ವಿಂಡೋದಲ್ಲೂ ಅದೇ ಲೆಕ್ಕ ಹಾಕಿ, ರಶೀದಿ ತಾಳೆ ನೋಡಿ. ಡೇಟಾ ಫೈಲಿನ ಪ್ರತಿ ತೆಗೆಯದೆ ಶುರು ಮಾಡಬೇಡಿ.

ಪ್ರಶ್ನೆ (ಕುಂಬಳೆಯಿಂದ): ಸಿ ಕೋಡನ್ನು ಡಿಎಲ್‌ಎಲ್ (ಬೇರೆ ಪ್ರೋಗ್ರಾಮ್ ತನ್ನೊಳಗೇ ಸೇರಿಸಿಕೊಳ್ಳುವ ಫೈಲ್) ಮಾಡಿ, ಪೈಥಾನ್‌ನ ಸಿಟೈಪ್ಸ್‌ನಿಂದ ಕರೆಯಬಹುದೇ?

ಉತ್ತರ: ಬಹುದು. ಆದರೆ ಒಂದು ಪಾಯಿಂಟರ್ (ಮೆಮೊರಿಯ ವಿಳಾಸ) ತಪ್ಪಿದರೆ ವಿಂಡೋ ಸಮೇತ ಹೋಗುತ್ತದೆ. ದುಡ್ಡಿನ ಲೆಕ್ಕಕ್ಕೆ ನಾನು ಹಾಗೆ ಮಾಡುವುದಿಲ್ಲ.

ಪ್ರಶ್ನೆ (ಉಪ್ಪಳದಿಂದ): ಇಎಕ್ಸ್‌ಇ ಫೈಲ್ ಕೊಟ್ಟರೆ ತಾನಾಗಿ ಬಟನ್ ಹಾಕಿಕೊಡುವ ಸಾಫ್ಟ್‌ವೇರ್ ಫ್ರೀ ಸಿಗುತ್ತದಂತೆ, ಹೌದಾ?

ಉತ್ತರ: ಅದನ್ನು ನಂಬಬೇಡಿ. ಸುಮ್ನೆ ವೈರಸ್ ತಂದು ಹಾಕಿಕೊಳ್ಳುತ್ತೀರಿ. ಆ ಪ್ರೋಗ್ರಾಮ್ ಬರೆದಾಗಿನ ಅಸಲಿ ಕೋಡ್ (ಸೋರ್ಸ್ ಕೋಡ್) ಯಾರ ಹತ್ತಿರ ಉಳಿದಿದೆ ಅಂತ ಮೊದಲು ಹುಡುಕಿ.